ಗಂಟೇ ಇಲ್ಲದ ಹೊಲಿಗೆ

ಈ ಸೆರಗನ್ನ ತಿರುಗಿಸಿ ನೋಡಿ. ಹೊರಗಡೆ ಗೋಪುರ, ಒಳಗಡೆನೂ ಅದೇ ಗೋಪುರ. ಗಂಟು ಎಲ್ಲಿದೆ ಹೇಳಿ? ಇಲ್ಲವೇ ಇಲ್ಲ.

ಇದು ಧಾರವಾಡ ಕಡೆಯ ಕಸೂತಿ. ನಮ್ಮಜ್ಜಿ ಬೆಂಗಳೂರಿನ ಬನಶಂಕರಿಗೆ ಬಂದಾಗ ಜೊತೆಗೆ ತಂದ ವಿದ್ಯೆ. ಅಮ್ಮನಿಗೆ ಕಲಿಸಿದರು, ಅಮ್ಮ ನನಗೆ.

ಇದರಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಅಂತ ನಾಲ್ಕು ಹೊಲಿಗೆ. ನನಗೆ ಪ್ರಾಣ ಅಂದ್ರೆ ಗವಂತಿ. ಹೋಗುವಾಗ ಒಂದು ಬಿಟ್ಟು ಒಂದು ಹಾಕ್ಕೊಂಡು ಹೋಗಬೇಕು. ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್. ಅದಕ್ಕೇ ಎರಡೂ ಕಡೆ ಒಂದೇ ಗೆರೆ. ದಾರದ ತುದಿ ಹೊಲಿಗೆಯೊಳಗೇ ಅಡಗಬೇಕು. ಬಟ್ಟೆ ಮೇಲೆ ಪೆನ್ಸಿಲ್ ಗುರುತೂ ಇಲ್ಲ. ಎಳೆ ಎಣಿಸಿಯೇ ಆನೆ, ತೇರು, ತುಳಸಿಕಟ್ಟೆ ಮೂಡಬೇಕು. "ಎಳಿ ಎಣಸವ್ವ, ಅವಸರ ಮಾಡಬ್ಯಾಡ" ಅಂತಿದ್ದರು ಅಜ್ಜಿ.

ಉತ್ತರ ಕರ್ನಾಟಕದಲ್ಲಿ ಮದುಮಗಳ ಕಪ್ಪು ಚಂದ್ರಕಾಳಿ ಸೀರೆ ಮೇಲೆ ಇದೇ ಕೆಲಸ ಇರ್ತಿತ್ತು. ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಆದರೂ ಮಷಿನ್ ಎಂಬ್ರಾಯ್ಡರಿ ಕಸೂತಿ ಹೆಸರಲ್ಲೇ ಮಾರಾಟವಾಗೋದು ನೋಡಿದ್ರೆ ಸಂಕಟವಾಗುತ್ತೆ. ಕೊಳ್ಳುವಾಗ ಹಿಂಬದಿ ನೋಡಿ. ನೇಯ್ಗೆ, ಮೆಂತಿಯ ಹಿಂಬದಿ ಬೇರೆ ಥರ ಇರುತ್ತೆ. ಗವಂತಿ, ಮುರ್ಗಿ ಮಾತ್ರ ಎರಡೂ ಕಡೆ ಒಂದೇ.

ಕಲೀಬೇಕಾ? ಜಯನಗರ ಫೋರ್ತ್ ಬ್ಲಾಕ್ ಕಡೆ ಸೀರೆಗೆ ಫಾಲ್ ತರೋಕೆ ಹೋದಾಗ ಅರ್ಧ ಮೀಟರ್ ಮ್ಯಾಟಿ ಬಟ್ಟೆ ಕೇಳಿ. ಅದರ ಎಳೆ ದಪ್ಪ, ಎಣಿಸೋದು ಸುಲಭ. ಮೊದಲು ಗವಂತಿಯಲ್ಲಿ ಒಂದೇ ಒಂದು ನೇರ ಗೆರೆ ಹಾಕಿ. ಎರಡೂ ಬದಿಯ ಫೋಟೋ ಕಳಿಸಿ, ನೋಡಿ ಹೇಳ್ತೀನಿ.