ಸೊಟೆರ್ನ್ ಸಿಹಿ ವೈನ್ ತೋಟಗಳು: ಮಣ್ಣು ಮತ್ತು ನೆಲೆಯ ಪಾತ್ರ

ದ್ರಾಕ್ಷಿ ಮಾಗುವ ಹಂತದಲ್ಲಿ ಮಳೆ ಬಿದ್ದು ಗೊಂಚಲಿನಲ್ಲಿ ಬೂದುಬಣ್ಣದ ಬೂಷ್ಟು ಕಾಣಿಸಿಕೊಂಡರೆ ಬೆಳೆಗಾರರು ಕಂಗಾಲಾಗುವುದು ಸಹಜ. ಇದನ್ನುಂಟುಮಾಡುವ ಬೊಟ್ರೈಟಿಸ್ ಸಿನೇರಿಯಾ ಶಿಲೀಂಧ್ರದ (ಬೂದಿ ರೋಗವೇ ಬೇರೆ, ಇದೇ ಬೇರೆ) ಆಗಮನವನ್ನೇ ಎದುರುನೋಡುವ ಬೆಳೆಗಾರರು ಫ್ರಾನ್ಸಿನ ಬೋರ್ಡೊ ನಗರದ ಆಗ್ನೇಯಕ್ಕಿರುವ ಸೊಟೆರ್ನ್ ಪ್ರದೇಶದಲ್ಲಿದ್ದಾರೆ. ಶಿಲೀಂಧ್ರ ಒಂದೇ ಆದರೂ ಪರಿಣಾಮ ಬೇರೆಯಾಗಲು ಆ ಸ್ಥಳದ ವಿಶೇಷತೆಯೇ ಮುಖ್ಯ ಕಾರಣ.

ಮರಗಳ ನೆರಳಿನಲ್ಲಿ ಹರಿದು ಬರುವ ಸಿರೋನ್ ಎಂಬ ಚಿಕ್ಕ ನದಿಯ ನೀರು ತಣ್ಣಗಿರುತ್ತದೆ. ಅದು ಸೇರುವ ಗರೋನ್ ನದಿಯ ನೀರು ಅದಕ್ಕಿಂತ ಬೆಚ್ಚಗಿರುತ್ತದೆ. ಶರತ್ಕಾಲದಲ್ಲಿ ಇವೆರಡರ ಸಂಗಮದಿಂದ ಏಳುವ ಮಂಜು ಬೆಳಗಿನವರೆಗೂ ತೋಟಗಳನ್ನು ಕವಿದು ಶಿಲೀಂಧ್ರಕ್ಕೆ ಬೇಕಾದ ತೇವವನ್ನು ಒದಗಿಸುತ್ತದೆ. ಮಧ್ಯಾಹ್ನದ ಬಿಸಿಲು ಮತ್ತು ಗಾಳಿ ಆ ತೇವವನ್ನು ಆರಿಸುತ್ತವೆ. ಶಿಲೀಂಧ್ರವು ತೆಳುಸಿಪ್ಪೆಯ ಸೆಮಿಯೋನ್ ತಳಿಯ ಹಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳನ್ನುಂಟುಮಾಡುವುದರಿಂದ ನೀರಿನಂಶ ಆವಿಯಾಗಿ, ಹಣ್ಣು ಸುಕ್ಕುಗಟ್ಟಿ, ಸಕ್ಕರೆ ಸಾಂದ್ರಗೊಳ್ಳುತ್ತದೆ. ಬಿಸಿಲು ಬಾರದೆ ಮಳೆ ಹಿಡಿದರೆ ಅಲ್ಲಿಯೂ ಕೇವಲ ಕೊಳೆಯೇ ಉಳಿಯುತ್ತದೆ.

ಮಣ್ಣಿನ ವಿಷಯದಲ್ಲಿ ಅಲ್ಲಿನ ಪ್ರಸಿದ್ಧ ಶಾಟೊ ಡಿಕೆಮ್ ತೋಟವನ್ನು ಗಮನಿಸಬೇಕು. ಸುತ್ತಲಿನ ತೋಟಗಳಿಗಿಂತ ಎತ್ತರದ ದಿಬ್ಬದ ಮೇಲಿರುವ ಈ ತೋಟದ ಮೇಲ್ಪದರದಲ್ಲಿ ಗರಸು ಮತ್ತು ಬೆಣಚುಕಲ್ಲುಗಳಿದ್ದು, ಹಗಲಿನ ಶಾಖವನ್ನು ಹಿಡಿದಿಟ್ಟು ಹಣ್ಣು ಮಾಗಲು ನೆರವಾಗುತ್ತವೆ. ಕೆಳಪದರದ ಜೇಡಿಮಣ್ಣು ಒಣ ಬೇಸಿಗೆಯಲ್ಲಿ ಬೇರುಗಳಿಗೆ ತೇವ ಒದಗಿಸುತ್ತದೆ. ಆದರೆ ಅದೇ ಜೇಡಿ ಮಳೆಗಾಲದಲ್ಲಿ ನೀರು ನಿಲ್ಲಿಸುತ್ತದೆ. ಈ ಕಾರಣಕ್ಕಾಗಿಯೇ 19ನೇ ಶತಮಾನದಲ್ಲಿ ಅಲ್ಲಿ ಸುಮಾರು 100 ಕಿ.ಮೀ. ಉದ್ದದ ಬಸಿಕೊಳವೆಗಳನ್ನು ನೆಲದೊಳಗೆ ಹೂಳಲಾಯಿತು. ನೆಲ ಉತ್ತಮವೆಂದು ಹೊಗಳುವವರು ಈ ಶ್ರಮವನ್ನು ಮರೆಯುವುದುಂಟು. ನೆರೆಯ ಬಾರ್ಸಾಕ್‌ನದು ಸುಣ್ಣಕಲ್ಲಿನ ಮೇಲಿನ ತೆಳು ಕೆಂಪು ಮಣ್ಣು. ಅಲ್ಲಿನ ವೈನ್ ತುಸು ಹಗುರ.

ಎಲ್ಲ ಹಣ್ಣಿಗೂ ಶಿಲೀಂಧ್ರ ಒಂದೇ ಸಲ ತಗಲುವುದಿಲ್ಲವಾದ್ದರಿಂದ ಕೂಲಿಕಾರರು ಒಂದೇ ಸಾಲಿನಲ್ಲಿ ಹಲವು ಬಾರಿ ಸಾಗಿ ತಕ್ಕ ಹಣ್ಣುಗಳನ್ನಷ್ಟೇ ಆಯುತ್ತಾರೆ. ಡಿಕೆಮ್‌ನಲ್ಲಿ ಒಂದು ಬಳ್ಳಿಯಿಂದ ದೊರೆಯುವುದು ಸುಮಾರು ಒಂದು ಲೋಟ ವೈನ್ ಮಾತ್ರ. ಹಣ್ಣಿನ ಗುಣಮಟ್ಟ ಸಾಲದೆ 1992 ಮತ್ತು 2012ರಲ್ಲಿ ಆ ಹೆಸರಿನ ವೈನ್ ಹೊರಬರಲೇ ಇಲ್ಲ.

ವಿಜಯಪುರ, ಬಾಗಲಕೋಟೆ ಭಾಗದ ಬೆಳೆಗಾರರು ಇದನ್ನೋದಿ ಬೂಷ್ಟು ಹಿಡಿದ ಗೊಂಚಲನ್ನು ಬಳ್ಳಿಯಲ್ಲೇ ಬಿಡುವ ಪ್ರಯೋಗಕ್ಕೆ ಕೈಹಾಕಬಾರದು. ಸೊಟೆರ್ನ್‌ನ ಮಂಜು–ಬಿಸಿಲಿನ ಆ ದಿನಚರಿ ನಮ್ಮಲ್ಲಿಲ್ಲ. ರೋಗ ತಗಲಿದ ಹಣ್ಣುಗಳನ್ನು ಕೂಡಲೇ ಕಿತ್ತು ನಾಶಪಡಿಸಿ, ಗೊಂಚಲಿನ ಸುತ್ತಲಿನ ಎಲೆಗಳನ್ನು ತೆಳುಗೊಳಿಸಿ ಗಾಳಿಯಾಡುವಂತೆ ಮಾಡಬೇಕು. ಹೊಸ ತೋಟ ಮಾಡುವವರು ನಾಟಿಗೆ ಮುನ್ನ ಒಂದು ಮೀಟರ್ ಆಳದ ಗುಂಡಿ ತೆಗೆದು ಕೆಳಪದರದ ಮಣ್ಣನ್ನು ಪರಿಶೀಲಿಸಿ, ನೀರು ನಿಲ್ಲುವಂತಿದ್ದರೆ ಬಸಿಗಾಲುವೆಯನ್ನು ಮೊದಲೇ ತೆಗೆಯುವುದು ಸೂಕ್ತ.