ನೀರಿಲ್ಲದ ಬಾವಿಯ ಮಿನುಗು ಕಲ್ಲು

ಕತ್ತಲಲ್ಲಿ ಮಿನುಗುವ ಕಲ್ಲು ಹುಡುಕುವ ಹುಚ್ಚು ನನಗೆ ಹತ್ತಿದ್ದು ಬಿ.ಎಸ್ಸಿ. ಎರಡನೇ ವರ್ಷದಲ್ಲಿ. ಅತಿನೇರಳೆ ಕಿರಣ ನಮ್ಮ ಕಣ್ಣಿಗೆ ಕಾಣದು. ಆದರೆ ಕೆಲವು ಖನಿಜಗಳು ಅದನ್ನು ಹೀರಿಕೊಂಡು, ಕಾಣುವ ಬಣ್ಣವಾಗಿ ಹೊರಚೆಲ್ಲುತ್ತವೆ. 1852ರಲ್ಲಿ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಈ ಗುಣಕ್ಕೆ ಫ್ಲೋರೈಟ್ ಖನಿಜದ ಹೆಸರಿನಿಂದಲೇ ‘ಫ್ಲೋರೊಸೆನ್ಸ್’ ಎಂದು ಕರೆದರು. ಕೋಲಾರ, ಹಟ್ಟಿಯ ಚಿನ್ನದ ಅದಿರಿನ ಜೊತೆ ಸಿಗುವ ಶೀಲೈಟ್ ಇಂಥ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ ಎಂದು ಓದಿದ ಮೇಲಂತೂ ಮನಸ್ಸು ನಿಲ್ಲಲಿಲ್ಲ. ಕೂಡಿಟ್ಟ ದುಡ್ಡಿನಲ್ಲಿ 365 ನ್ಯಾನೊಮೀಟರಿನ ಟಾರ್ಚ್ ತರಿಸಿದೆ.

ರಜೆಯಲ್ಲಿ ಗೆಳೆಯನ ಬೈಕ್ ಹತ್ತಿ ಸುತ್ತಿದ್ದೇ ಸುತ್ತಿದ್ದು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋದ ಗುಡ್ಡದ ಕಲ್ಲು, ರಾಮದುರ್ಗದ ಹಳೆಯ ಖಣಿಯ ಕಲ್ಲು, ಕಿತ್ತೂರಿನ ಕಡೆ ಆಯ್ದ ಕೆಂಪು ಕಲ್ಲು ಎಲ್ಲವನ್ನೂ ಚೀಲ ತುಂಬಿ ತಂದೆ. ರಾತ್ರಿ ಟಾರ್ಚ್ ಹಿಡಿದರೆ ಒಂದೂ ಮಿನುಗಲಿಲ್ಲ. ಮರಳುಗಲ್ಲಿನ ಕ್ವಾರ್ಟ್ಜ್ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕೆಂಪು ಕಲ್ಲಿನ ಕಬ್ಬಿಣವೋ ಹೊಳಪನ್ನೇ ನುಂಗಿಬಿಡುತ್ತದೆ.

ನೋಡದೆ ಉಳಿದದ್ದು ಬೈಲಹೊಂಗಲದ ನಮ್ಮ ಹೊಲದ ಮೂಲೆಯೊಂದೇ. ಅಲ್ಲಿ ಅಪ್ಪ ಸಾಲ ಮಾಡಿ ಬಾವಿ ತೋಡಿಸಿದ್ದ. ನೀರು ಬೀಳಲಿಲ್ಲ. ಸಾಲ ತೀರಿಸಲು ಆರು ವರ್ಷ ಬೇಕಾಯಿತು. ಅಗೆದ ಕಲ್ಲಿನ ಗುಡ್ಡೆ ಅಲ್ಲೇ ಬಿದ್ದಿತ್ತು. ಅಪ್ಪ ಆ ಕಡೆ ಹಾಯುತ್ತಲೇ ಇರಲಿಲ್ಲ, ಬಾವಿಯ ಮಾತನ್ನೂ ಎತ್ತುತ್ತಿರಲಿಲ್ಲ.

ಅಮಾವಾಸ್ಯೆಯ ರಾತ್ರಿ ಬೂಟು ಹಾಕಿಕೊಂಡು ಹೋದೆ. ಮೊದಲು ಹೊಳೆದದ್ದು ಕಲ್ಲಲ್ಲ, ಚೇಳು! ಅದರ ಮೈಯೂ ಈ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಎದೆ ಹಿಡಿದುಕೊಂಡು ಬದಿಗೆ ಸರಿದು ಟಾರ್ಚ್ ತಿರುಗಿಸಿದರೆ, ಕರಿಕಲ್ಲಿನ ನಡುವಿನ ಬಿಳಿ ಎಳೆಗಳೆಲ್ಲ ಕೆಂಡದಂತೆ ನಸುಗೆಂಪಾಗಿದ್ದವು.

ಹಿಂದಿನಿಂದ ಅಪ್ಪನ ದನಿ: ‘ಇಷ್ಟೊತ್ತಿನ್ಯಾಗ ಇಲ್ಲೇನ್ ಮಾಡಾಕತ್ತಿ?’

‘ಅಪ್ಪಾ, ನಿನ್ನ ಬ್ಯಾಟರಿ ಆರಸು.’

ಆರಿಸಿದ. ಬಹಳ ಹೊತ್ತು ನೋಡಿದ. ‘ಮಾರಿದ್ರ ರೊಕ್ಕ ಬರ್ತೈತೇನು?’

‘ಇಲ್ಲಪ್ಪಾ. ಕ್ಯಾಲ್ಸೈಟ್ ಅಂತಾರ. ಸುಣ್ಣದ ಜಾತಿ ಕಲ್ಲು.’

ಬೈಯುತ್ತಾನೆಂದು ಕಾದೆ. ಅವನು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು, ಗುಡ್ಡೆಯ ಸುತ್ತ ಒಂದೊಂದೇ ಕಲ್ಲಿಗೆ ಹಿಡಿಯುತ್ತಾ ನಡೆದ.

ಅವತ್ತು ತಂದ ಒಂದು ಕಲ್ಲು ಈಗ ಪಡಸಾಲೆಯ ಗೂಡಿನಲ್ಲಿದೆ. ಬೀಗರು ಬಂದರೆ ಅಪ್ಪ ಲೈಟ್ ಆರಿಸಿ, ಟಾರ್ಚ್ ತಾ ಎನ್ನುತ್ತಾನೆ. ಕಲ್ಲು ಕೆಂಪಗಾಗುತ್ತಿದ್ದಂತೆ ಹೇಳುತ್ತಾನೆ: ‘ನಮ್ಮ ಬಾವೀದು.’