ಚಿರತೆ ಹಲ್ಲಿಗೆ ಒಂದು ಮನೆ

ನಮ್ಮ ಪಂಚಾಂಗಗಳಲ್ಲಿ ಹಲ್ಲಿ ಮೈಮೇಲೆ ಬಿದ್ದರೆ ಯಾವ ಫಲವೆಂದು ತಿಳಿಸುವ ಪಟ್ಟಿಯಿರುತ್ತದೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುವುದೆಂಬ ನಂಬಿಕೆಯೂ ಮನೆಮನೆಗಳಲ್ಲಿದೆ. ಆದರೂ ಹಲ್ಲಿಯನ್ನು ಯಾರೂ ಕರೆತಂದು ಸಾಕುವುದಿಲ್ಲ. ಅದು ತಾನಾಗಿಯೇ ಬಂದು ಗೋಡೆಯ ಮೇಲೆ ಬಾಳುತ್ತದೆ. ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಮಾತ್ರ ಹಲ್ಲಿಗಳ ಬಳಗದ ಒಂದು ಪ್ರಾಣಿಗೆ ಪ್ರತ್ಯೇಕ ಗಾಜಿನ ಮನೆಯೇ ಇರುತ್ತದೆ. ಅದು ಚಿರತೆ ಹಲ್ಲಿ. ಕೊಂಡವರು ಸಾಕಲಾರದೆ ಕೈಬಿಟ್ಟ ಇಂಥ ಹಲ್ಲಿಗಳನ್ನು ಅಲ್ಲಿಯ ಪ್ರಾಣಿದಯಾ ಸಂಸ್ಥೆಗಳು ಬೇರೆ ಕುಟುಂಬಗಳಿಗೆ ದತ್ತು ಕೊಡುತ್ತವೆ. ಹಾಗೆ ದತ್ತು ಪಡೆಯುವವರು ಮೊದಲು ಕಲಿಯಬೇಕಾದ ಪಾಠ ಒಂದೇ: ಮನೆ ಸಿದ್ಧವಾದ ಮೇಲೆಯೇ ಪ್ರಾಣಿ ಬರಬೇಕು.

ಈ ಹಲ್ಲಿಯ ತವರು ಅಫಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಒಣ ಕಲ್ಲುನೆಲ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವುದರಿಂದ ಚಿರತೆಯ ಹೆಸರು ಬಂದಿದೆ. ಉದ್ದ ಸುಮಾರು 20ರಿಂದ 25 ಸೆಂಟಿಮೀಟರ್. ಮನೆಯ ಹಲ್ಲಿಗಿಲ್ಲದ ರೆಪ್ಪೆಗಳು ಇದಕ್ಕಿವೆ. ಕಣ್ಣು ಮುಚ್ಚಿ ನಿದ್ರಿಸುತ್ತದೆ. ಬೆರಳುಗಳಲ್ಲಿ ಅಂಟುವ ಪಟ್ಟಿಗಳಿಲ್ಲ, ಉಗುರುಗಳಿವೆ. ಆದುದರಿಂದ ನುಣುಪು ಗೋಡೆ ಹತ್ತಲಾರದು. ದಪ್ಪ ಬಾಲದಲ್ಲಿ ಕೊಬ್ಬನ್ನು ಕೂಡಿಟ್ಟುಕೊಂಡು ಕೊರತೆಯ ದಿನಗಳನ್ನು ಕಳೆಯುತ್ತದೆ. ಹಗಲು ಬಿಲದಲ್ಲಿದ್ದು ಸಂಜೆಗತ್ತಲಿನಲ್ಲಿ ಹೊರಡುವುದು ಇದರ ಸ್ವಭಾವ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಯಲ್ಲಿರುವ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ 9ನೆಯ ಕಲಮು ಸಾಕುವವರ ಮೇಲೆ ಐದು ಹೊಣೆಗಳನ್ನು ಹೊರಿಸಿದೆ. ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜ ನಡವಳಿಕೆಗೆ ಅವಕಾಶ, ಜೊತೆಗಿರಿಸಬೇಕಾದುದನ್ನು ಜೊತೆಗೂ ಬೇರೆಯಿರಿಸಬೇಕಾದುದನ್ನು ಬೇರೆಯೂ ಇಡುವುದು, ನೋವು ಮತ್ತು ರೋಗದಿಂದ ರಕ್ಷಣೆ. ನಾಯಿಗೆ ಅನ್ವಯಿಸುವ ಈ ನಿಯಮ ಹಲ್ಲಿಗೂ ಅನ್ವಯಿಸುತ್ತದೆ. ಚಿರತೆ ಹಲ್ಲಿಯ ಮನೆಯನ್ನು ಈ ಐದು ಹೊಣೆಗಳ ಅಳತೆಗೋಲಿನಿಂದಲೇ ಅಳೆಯಬಹುದು.

ಮೊದಲನೆಯದು ವಾಸಸ್ಥಳ. ಒಂದು ಹಲ್ಲಿಗೆ ಸುಮಾರು 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಇದ್ದರೆ ಒಳ್ಳೆಯದು. ಹಲ್ಲಿ ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿ ಬೇಕಾದಾಗ ಬಿಸಿಯತ್ತ, ತಂಪು ಬೇಕಾದಾಗ ತಂಪಿನತ್ತ ಸರಿಯುತ್ತದೆ. ಆದಕಾರಣ ಪೆಟ್ಟಿಗೆಯ ಒಂದು ತುದಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ ಸುಮಾರು 25 ಡಿಗ್ರಿ ಇರಬೇಕು. ಎರಡೂ ತುದಿಗಳಲ್ಲಿ ತಾಪಮಾಪಕಗಳಿರಬೇಕು. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಬಿಸಿ ಹಾಸು ಹೊಟ್ಟೆಯನ್ನು ಸುಡಬಹುದು. ಇಷ್ಟನ್ನೂ ಜೋಡಿಸಿ, ಕೆಲವು ದಿನ ನಡೆಸಿ ನೋಡಿ, ಉಷ್ಣತೆ ನೆಲೆಗೊಂಡ ಮೇಲೆಯೇ ಹಲ್ಲಿಯನ್ನು ತರಬೇಕು.

ಸಹಜ ನಡವಳಿಕೆ ಎಂದರೆ ಈ ಪ್ರಾಣಿಗೆ ಮುಖ್ಯವಾಗಿ ಅಡಗುವುದು. ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು ಗೂಡು ಬೇಕು. ಮೂರನೆಯದು ಒದ್ದೆ ಪಾಚಿ ತುಂಬಿದ ಗೂಡು. ತೇವವಿಲ್ಲದೆ ಪೊರೆ ಸರಿಯಾಗಿ ಕಳಚುವುದಿಲ್ಲ. ಬೆರಳಿಗೆ ಸುತ್ತಿ ಉಳಿದ ಪೊರೆ ರಕ್ತ ಹರಿಯದಂತೆ ಬಿಗಿದು ಬೆರಳೇ ಉದುರುವುದುಂಟು. ಅಂದಕ್ಕಾಗಿ ಸಡಿಲ ಮರಳು ಹರಡುವುದು ಅಪಾಯ; ಆಹಾರದೊಂದಿಗೆ ನುಂಗಿದ ಮರಳು ಕರುಳನ್ನು ಕಟ್ಟಬಹುದು. ಹೊಸದಾಗಿ ಬಂದ ಹಲ್ಲಿಗೆ ಬರಿಯ ಕಾಗದದ ಹಾಸೇ ಮೇಲು. ಮಲವನ್ನು ಗಮನಿಸಲೂ ಅದರಿಂದ ಅನುಕೂಲ.

ಆಹಾರ ಜೀವಂತ ಹುಳುಗಳು: ಮಿಡತೆ ಮತ್ತು ಅದರ ಜಾತಿಯವು. ಅವುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡದಿದ್ದರೆ ಹಲ್ಲಿಯ ಮೂಳೆ ಮೆತ್ತಗಾಗಿ ಬಾಗುತ್ತದೆ. ಆಳವಿಲ್ಲದ ಬಟ್ಟಲಿನಲ್ಲಿ ಶುದ್ಧ ನೀರು ಸದಾ ಇರಬೇಕು.

ಎರಡು ಹಲ್ಲಿಗಳನ್ನು ಒಟ್ಟಿಗೆ ದತ್ತು ಪಡೆದವರು ಎರಡು ಮನೆಗಳನ್ನೇ ಕಟ್ಟಬೇಕು. ಗಂಡುಗಳು ಪರಸ್ಪರ ಕಚ್ಚಾಡುತ್ತವೆ. ಹೆಣ್ಣುಗಳಲ್ಲಿಯೂ ಬಲವುಳ್ಳದ್ದು ಬಿಸಿ ಜಾಗವನ್ನೂ ಆಹಾರವನ್ನೂ ಆಕ್ರಮಿಸಿ ಇನ್ನೊಂದನ್ನು ಸೊರಗಿಸಬಹುದು. ಬಂದ ಮೊದಲ ವಾರ ಅದನ್ನು ಕೈಗೆತ್ತಿಕೊಳ್ಳಬಾರದು. ಬಾಲ ಹಿಡಿದೆಳೆದರೆ ಬಾಲವನ್ನೇ ಬಿಟ್ಟು ಓಡುತ್ತದೆ. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಇವುಗಳ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣುಗಳಿರಬಹುದು. ಸರಿಯಾಗಿ ನೋಡಿಕೊಂಡರೆ ಚಿರತೆ ಹಲ್ಲಿ 15ರಿಂದ 20 ವರ್ಷ ಬದುಕುತ್ತದೆ. ಐದನೆಯ ತರಗತಿಯ ಬಾಲಕ ಬೇಡಿ ತಂದ ಪ್ರಾಣಿ ಅವನ ಪದವಿ ಮುಗಿದ ಮೇಲೂ ಮನೆಯಲ್ಲಿರುತ್ತದೆ. ಹದಿನಾರು ತುಂಬದ ಮಕ್ಕಳಿಗೆ ಪ್ರಾಣಿಯನ್ನು ಮಾರಬಾರದೆಂದು ಅದೇ ಕಾಯ್ದೆ ವಿಧಿಸಿರುವುದರ ಅರ್ಥ ಇಲ್ಲಿದೆ. ಆಸೆ ಮಗುವಿನದಾದರೂ ಹೊಣೆ ಹಿರಿಯರದು.

ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯೆಂದರೆ ಮನುಷ್ಯನ ಹೊರತು ಯಾವುದೇ ಜೀವಿ. ಅದರ 3ನೆಯ ಕಲಮು ಪ್ರಾಣಿಯ ಯೋಗಕ್ಷೇಮವನ್ನು ಸಾಕುವವರ ಕರ್ತವ್ಯವಾಗಿಸಿದೆ. 11ನೆಯ ಕಲಮಿನಂತೆ ಅಲುಗಾಡಲು ಸಾಲದ ಪಂಜರದಲ್ಲಿ ಕೂಡಿಹಾಕುವುದು ಅಪರಾಧ. 2014ರ ನಾಗರಾಜ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮುಗಳೊಳಗೆ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಓದಿತು. ಜೀವಿಗಳಲ್ಲಿ ಕರುಣೆಯಿಡುವುದು ಸಂವಿಧಾನದ 51ಎ(ಜಿ) ವಿಧಿಯಂತೆ ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ.

ಚಿರತೆ ಹಲ್ಲಿಯ ಬಂಧುವೊಂದು ಮಹಾರಾಷ್ಟ್ರ, ಗುಜರಾತಿನ ಕಲ್ಲುನೆಲದಲ್ಲಿಯೂ ಬದುಕಿದೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಮಕ್ಕಳು ಗುಡ್ಡದಲ್ಲಿ ಚುಕ್ಕೆಯ ಹಲ್ಲಿಯನ್ನು ಕಂಡರೆ ದೂರದಿಂದ ನೋಡಿ ಸಂತೋಷಪಡಲಿ. ಹಿಡಿದು ಡಬ್ಬಿಗೆ ತುಂಬುವುದು ಬೇಡ, ವಿಷದ ಪ್ರಾಣಿಯೆಂದು ಕಲ್ಲೆಸೆಯುವುದೂ ಬೇಡ, ಅದಕ್ಕೆ ವಿಷವಿಲ್ಲ. ನಕ್ಷತ್ರ ಆಮೆಯನ್ನೂ ನಮ್ಮ ಗಿಳಿಯನ್ನೂ ಸೆರೆಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಗುಡ್ಡದ ಹಲ್ಲಿಗೆ ಗುಡ್ಡವೇ ಮನೆ. ಆ ಮನೆಯನ್ನು ಯಾರೂ ಹೊಸದಾಗಿ ಕಟ್ಟಬೇಕಾಗಿಲ್ಲ, ಕೆಡಿಸದಿದ್ದರೆ ಸಾಕು.